ಜಾಕಿ, ಸಾರವೆ, ಗುಂಡಿಯ ಆಸರೆ: ಸಾರ್ವಜನಿಕ ಕಟ್ಟಡದ ತಾತ್ಕಾಲಿಕ ಕೆಲಸಗಳಿಗೆ ಒಂದು ಮಾರ್ಗದರ್ಶಿ

ಆಸ್ಪತ್ರೆ, ಗ್ರಂಥಾಲಯ, ಕೋರ್ಟು, ಬಸ್ ನಿಲ್ದಾಣ, ಹೀಗೆ ನಗರದ ನಡುವೆ ಏಳುವ ಯಾವುದೇ ಕಟ್ಟಡದ ನಕ್ಷೆ ಬಿಡಿಸಿ ನೋಡಿ. ತೊಲೆ ಇದೆ, ಕಂಬ ಇದೆ, ಕಂಬಿಯ ಲೆಕ್ಕ ಇದೆ. ತೊಲೆ ಹಸಿಯಾಗಿದ್ದಾಗ ಅದನ್ನು ಹೊತ್ತು ನಿಲ್ಲುವ ಜಾಕಿ ಮಾತ್ರ ಇಲ್ಲ. ನೆಲಮಾಳಿಗೆಗೆ ತೋಡಿದ ಗುಂಡಿ ಕುಸಿಯದಂತೆ ತಡೆಯುವ ಉಕ್ಕಿನ ಅಡ್ಡತೊಲೆ, ಅಂದರೆ ಸ್ಟ್ರಟ್, ಇಲ್ಲ. ಸಾರವೆ, ಕ್ರೇನಿನ ಪಾಯ, ರಸ್ತೆ ಬದಿಯ ತಗಡಿನ ಬೇಲಿ, ಯಾವುದೂ ಇಲ್ಲ. ಕೆಲಸ ಮುಗಿದ ಮೇಲೆ ಬಿಚ್ಚಿ ಹೋಗುವ ವಸ್ತುಗಳು ಅಲ್ವಾ, ಅವಕ್ಕೆ ನಕ್ಷೆಯಲ್ಲಿ ಜಾಗ ಸಿಗುವುದಿಲ್ಲ. ಆದರೆ ಕಟ್ಟುವ ಹೊತ್ತಿನಲ್ಲೇ ಆದ ದೊಡ್ಡ ಕುಸಿತಗಳನ್ನು ಹುಡುಕುತ್ತಾ ಹೋದರೆ ಇವುಗಳ ಹೆಸರೇ ಮತ್ತೆ ಮತ್ತೆ ಎದುರಾಗುತ್ತದೆ.

1972ರಲ್ಲಿ ಇಂಗ್ಲೆಂಡಿನ ರೆಡಿಂಗ್ ಬಳಿ ಲಾಡನ್ ನದಿಯ ಸೇತುವೆಗೆ ಕಾಂಕ್ರೀಟ್ ಹಾಕುತ್ತಿದ್ದಾಗ ಕೆಳಗಿನ ಆಸರೆ ಮುರಿದು ಮೂವರು ಸತ್ತರು. ಆಮೇಲೆ ಬ್ರ್ಯಾಗ್ ಸಮಿತಿ 1975ರಲ್ಲಿ ವರದಿ ಕೊಟ್ಟಿತು. ಅದರ ಬೆನ್ನಿಗೆ 1982ರಲ್ಲಿ ಬಿಎಸ್ 5975 ಎಂಬ ಬ್ರಿಟಿಷ್ ಸಂಹಿತೆ ಬಂತು. ಈ ಲೇಖನದ ಹಂತಗಳಲ್ಲಿ ಬಹುಪಾಲು ಆ ಸಂಹಿತೆಯ ದಾರಿಯಲ್ಲೇ ನಡೆಯುತ್ತವೆ. ಆ ಸಂಹಿತೆ ನಿಮ್ಮ ಮೇಲೆ ಕಡ್ಡಾಯ ಇರಲಿ ಬಿಡಲಿ, ಕೆಲಸದ ಕ್ರಮವಾಗಿ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಹಂತ 1: ಹೊಣೆ ಒಬ್ಬರ ಕೈಗೆ ಕೊಡಿ

ಕಟ್ಟಡದ ಎಂಜಿನಿಯರ್ ಮುಗಿದ ಕಟ್ಟಡಕ್ಕೆ ಲೆಕ್ಕ ಹಾಕಿರುತ್ತಾರೆ. ಜಾಕಿ ಬಾಡಿಗೆ ಕೊಟ್ಟವರು ಜಾಕಿಯ ಬಲ ಎಷ್ಟು ಅಂತ ಹೇಳುತ್ತಾರೆ. ಸೆಂಟ್ರಿಂಗ್ ಮೇಸ್ತ್ರಿ ತನಗೆ ರೂಢಿಯಿದ್ದಂತೆ ನಿಲ್ಲಿಸುತ್ತಾನೆ. ಕಾಂಕ್ರೀಟ್ ಪಂಪಿನವನು ಹೇಳಿದ ಕಡೆ ಸುರಿಯುತ್ತಾನೆ. ನಾಲ್ವರೂ ತಮ್ಮ ಪಾಲಿನ ಕೆಲಸ ಸರಿಯಾಗಿ ಮಾಡಿಯೂ ಸ್ಲ್ಯಾಬ್ ಬೀಳಬಹುದು. ಯಾಕೆಂದರೆ ಇವರ ನಡುವಿನ ಸಂದುಗಳನ್ನು ನೋಡುವವರು ಯಾರೂ ಇರುವುದಿಲ್ಲ.

ಆ ಸಂದುಗಳನ್ನು ನೋಡುವುದಕ್ಕೇ ತಾತ್ಕಾಲಿಕ ಕೆಲಸಗಳ ಸಂಯೋಜಕ ಎಂಬ ಹುದ್ದೆ ಇದೆ. ಅವರೇ ಕೂತು ವಿನ್ಯಾಸ ಮಾಡಬೇಕಿಲ್ಲ. ವಿನ್ಯಾಸ ಆಗಿದೆಯೇ, ಬೇರೆಯವರು ಅದನ್ನು ಪರಿಶೀಲಿಸಿದ್ದಾರೆಯೇ, ಹಾಳೆಯಲ್ಲಿ ಇದ್ದಂತೆಯೇ ನಿಲ್ಲಿಸಿದ್ದಾರೆಯೇ ಅಂತ ನೋಡುವುದು ಅವರ ಕೆಲಸ. "ಈಗ ಭಾರ ಹಾಕಬಹುದು", "ಈಗ ಬಿಚ್ಚಬಹುದು" ಅಂತ ಸಹಿ ಹಾಕುವುದೂ ಅವರೇ. ಕೆಲಸದ ವೇಳಾಪಟ್ಟಿಗೆ ಹೊಣೆಯಾದವರನ್ನೇ ಈ ಹುದ್ದೆಗೆ ಕೂರಿಸಬೇಡಿ. ಶುಕ್ರವಾರ ಸಂಜೆ ಕಾಂಕ್ರೀಟ್ ಲಾರಿಗಳು ಗೇಟಿನಲ್ಲಿ ನಿಂತಿರುವಾಗ "ಬೇಡ" ಅನ್ನುವುದು ಅಂಥವರಿಗೆ ಬಹಳ ಕಷ್ಟ.

ಹಂತ 2: ಪಟ್ಟಿ ಬರೆಯಿರಿ

ಪಾಯ ತೋಡುವ ಮೊದಲೇ ಇಡೀ ಕೆಲಸವನ್ನು ಮನಸ್ಸಿನಲ್ಲಿ ಒಮ್ಮೆ ಕಟ್ಟಿ ನೋಡಿ. ಎಲ್ಲೆಲ್ಲಿ ಏನೇನು ತಾತ್ಕಾಲಿಕವಾಗಿ ನಿಲ್ಲಬೇಕು ಅಂತ ಒಂದು ರಿಜಿಸ್ಟರ್ ಮಾಡಿ. ಪ್ರತಿಯೊಂದಕ್ಕೂ ಒಂದು ನಂಬರ್, ಯಾರು ವಿನ್ಯಾಸ ಮಾಡುತ್ತಾರೆ, ಯಾರು ಪರಿಶೀಲಿಸುತ್ತಾರೆ, ಯಾವಾಗ ಬೇಕು, ಯಾವಾಗ ತೆಗೆಯಬಹುದು, ಇಷ್ಟಿದ್ದರೆ ಸಾಕು.

ಸೆಂಟ್ರಿಂಗ್, ಸಾರವೆ, ಗುಂಡಿಯ ಆಸರೆ ಎಲ್ಲರಿಗೂ ನೆನಪಾಗುತ್ತವೆ. ಪಟ್ಟಿಯಿಂದ ತಪ್ಪಿಸಿಕೊಳ್ಳುವುದು ಬೇರೆಯವು. ನೆಲದೊಳಗೆ ಪಾಯದ ಕಂಬ ಇಳಿಸುವ ಪೈಲಿಂಗ್ ಯಂತ್ರ ನಿಲ್ಲುವ ನೆಲವನ್ನೇ ತೆಗೆದುಕೊಳ್ಳಿ. ಅದು ಒಂದು ಕಡೆ ಮೆತ್ತಗಿದ್ದರೆ ಯಂತ್ರ ಮಗುಚುತ್ತದೆ, ಆ ಯಂತ್ರದ ಎತ್ತರದೊಳಗೆ ರಸ್ತೆ ಇರಬಹುದು. ಆಳೆತ್ತರಕ್ಕೆ ಕಟ್ಟಿ ನಿಲ್ಲಿಸಿದ, ಇನ್ನೂ ಕಾಂಕ್ರೀಟ್ ಕಾಣದ ಗೋಡೆಯ ಕಂಬಿಗಳ ಬಲೆಯೂ ಗಾಳಿಗೆ ಉರುಳಬಲ್ಲದು. ಮೇಲ್ಮಹಡಿಗೆ ಸಾಮಾನು ಇಳಿಸುವ ಅಟ್ಟಣೆ, ಹಳೆಯ ಕಟ್ಟಡದ ಮುಂಭಾಗ ಉಳಿಸಿ ಹಿಂಭಾಗ ಕೆಡವುವಾಗ ಆ ಗೋಡೆಗೆ ಕೊಡುವ ಆಸರೆ, ಸ್ಲ್ಯಾಬ್ ಬೀಳುವ ಮೊದಲೇ ಹಿಂದೆ ಮಣ್ಣು ತುಂಬಿಸಿಕೊಂಡ ನೆಲಮಾಳಿಗೆಯ ಗೋಡೆ, ಇವೆಲ್ಲ ಪಟ್ಟಿಗೆ ಸೇರಬೇಕು. ಕೊನೆಯದು ಮೋಸದ್ದು. ಮೇಲೆ ಕೆಳಗೆ ಎರಡೂ ಕಡೆ ಆಧಾರ ಇರುತ್ತದೆಂದು ಲೆಕ್ಕ ಹಾಕಿದ ಗೋಡೆಗೆ ಅವತ್ತು ಕೆಳಗೆ ಮಾತ್ರ ಆಧಾರ ಇರುತ್ತದೆ.

ಹಂತ 3: ವಿನ್ಯಾಸಕರಿಗೆ ಪೂರ್ತಿ ಮಾಹಿತಿ ಕೊಡಿ

"ಒಂದು ಸ್ಲ್ಯಾಬಿಗೆ ಸೆಂಟ್ರಿಂಗ್ ಡಿಸೈನ್ ಬೇಕು" ಅಂದರೆ ಅದು ಮಾಹಿತಿ ಆಗುವುದಿಲ್ಲ. ಸ್ಲ್ಯಾಬಿನ ದಪ್ಪ, ಎತ್ತರ, ಕೆಳಗಿನ ನೆಲ ಯಾವುದು, ಕಾಂಕ್ರೀಟ್ ಯಾವ ಕ್ರಮದಲ್ಲಿ ಬೀಳುತ್ತದೆ, ಪಂಪ್ ಇದೆಯೇ ಬಕೆಟ್ ಇದೆಯೇ, ಮಣ್ಣಿನ ವರದಿ, ನೆಲದಡಿಯ ನೀರಿನ ಮಟ್ಟ, ನೀರು-ವಿದ್ಯುತ್-ಒಳಚರಂಡಿ ಮಾರ್ಗಗಳು, ಪಕ್ಕದ ಕಟ್ಟಡದ ಪಾಯದ ಆಳ, ಎಲ್ಲ ಬರೆದು ಕೊಡಿ. ಸಾರ್ವಜನಿಕ ಕಟ್ಟಡವಾದರೆ ಇನ್ನೊಂದು ಸಾಲು ಸೇರಿಸಿ: ಪಕ್ಕದಲ್ಲಿ ಏನು ನಡೆಯುತ್ತಿರುತ್ತದೆ? ಆಸ್ಪತ್ರೆಯ ಹೊಸ ಬ್ಲಾಕ್ ಕಟ್ಟುವಾಗ ಹಳೆಯ ಬ್ಲಾಕಿನಲ್ಲಿ ರೋಗಿಗಳು ಇರುತ್ತಾರೆ. ಆಂಬುಲೆನ್ಸ್ ದಾರಿ, ಬೆಂಕಿ ಬಿದ್ದರೆ ಓಡುವ ಬಾಗಿಲು, ಆಮ್ಲಜನಕದ ಕೊಳವೆ ಇವ್ಯಾವುವೂ ಸಾರವೆಯ ಕಾಲಿಗೆ ಸಿಕ್ಕಬಾರದು.

ಹಂತ 4: ಲೆಕ್ಕ, ಮತ್ತು ಬೇರೆಯವರಿಂದ ಮರುಲೆಕ್ಕ

ಬಿಎಸ್ 5975 ಪರಿಶೀಲನೆಯನ್ನು 0ರಿಂದ 3ರವರೆಗೆ ನಾಲ್ಕು ದರ್ಜೆ ಮಾಡುತ್ತದೆ. ಮೊದಲೇ ಸಿದ್ಧ ಇರುವ ಮಾಮೂಲಿ ವ್ಯವಸ್ಥೆಗೆ 0. ಸರಳ ವಿನ್ಯಾಸಕ್ಕೆ 1, ಅದೇ ತಂಡದ ಇನ್ನೊಬ್ಬರು ನೋಡಿದರೆ ಸಾಕು. 2 ಅಂದರೆ ಆ ವಿನ್ಯಾಸದಲ್ಲಿ ಕೈ ಹಾಕದವರೇ ನೋಡಬೇಕು. ಜಟಿಲವಾದ, ಹೊಸ ಬಗೆಯ ಕೆಲಸಕ್ಕೆ 3, ಬೇರೆ ಸಂಸ್ಥೆಯೇ ಸ್ವತಂತ್ರವಾಗಿ ಪರಿಶೀಲಿಸಬೇಕು. ನಗರದ ಮಧ್ಯೆ ಆಳದ ಗುಂಡಿಗೆ, ಎರಡು ಮೂರು ಮಹಡಿ ಎತ್ತರದ ಸಭಾಂಗಣದ ಸೆಂಟ್ರಿಂಗಿಗೆ ನಾನಾದರೆ 3ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಪರಿಶೀಲಿಸುವವರು ಮೊದಲಿನವರ ಲೆಕ್ಕದ ಹಾಳೆಯ ಮೇಲೆ ಟಿಕ್ ಹಾಕುತ್ತಾ ಹೋದರೆ ಪ್ರಯೋಜನ ಇಲ್ಲ. ನಕ್ಷೆ ಮತ್ತು ಮಾಹಿತಿ ಹಾಳೆ ಮಾತ್ರ ಕೊಡಿ. ಲೆಕ್ಕ ಅವರೇ ಹೊಸದಾಗಿ ಮಾಡಲಿ.

ಹಂತ 5: ಗುಂಡಿ

ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆಯಿಂದ ಎರಡು ಟನ್ ತೂಗುತ್ತದೆ. ಎದೆಮಟ್ಟ ಮಣ್ಣಿನಲ್ಲಿ ಹೂತವರೂ ಉಸಿರು ಕಟ್ಟಿ ಸಾಯಬಹುದು. ಹಾಗಾಗಿ ಒಂದೂವರೆ ಮೀಟರ್ ಆಳ ದಾಟಿತು ಅಂದರೆ ಇಳಿಜಾರು ಬಿಡಬೇಕು, ಇಲ್ಲವೇ ಆಸರೆ ಕೊಡಬೇಕು. ಊರೊಳಗೆ ಇಳಿಜಾರು ಬಿಡಲು ಜಾಗ ಎಲ್ಲಿರುತ್ತದೆ? ಶೀಟ್ ಪೈಲ್ (ನೆಲಕ್ಕೆ ಬಡಿದ ಉಕ್ಕಿನ ಹಲಗೆಗಳ ಸಾಲು), ಡಯಾಫ್ರಾಂ ಗೋಡೆ (ಅಗೆಯುವ ಮೊದಲೇ ನೆಲದೊಳಗೆ ಹೊಯ್ದ ಕಾಂಕ್ರೀಟ್ ಗೋಡೆ), ಸಾಲು ಪೈಲ್ (ಒತ್ತೊತ್ತಾಗಿ ಇಳಿಸಿದ ಕಾಂಕ್ರೀಟ್ ಕಂಬಗಳು), ಇವುಗಳಲ್ಲಿ ಒಂದನ್ನು ಆರಿಸಿ, ಒಳಗೆ ಸ್ಟ್ರಟ್ ಅಥವಾ ಹಿಂದಿನ ಮಣ್ಣಿಗೆ ಬಿಗಿದು ಕಟ್ಟುವ ಆ್ಯಂಕರ್ ಹಾಕಬೇಕಾಗುತ್ತದೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯ ಕ್ರಮ. ಇಷ್ಟು ತೋಡು, ನಿಲ್ಲು, ಸ್ಟ್ರಟ್ ಹಾಕು, ಬಿಗಿ ಮಾಡು, ಮತ್ತೆ ತೋಡು. ಅಗೆಯುವ ಯಂತ್ರ ಬಾಡಿಗೆಗೆ ಬಂದು ನಿಂತಿದೆ, "ಇನ್ನೊಂದು ಅರ್ಧ ಮೀಟರ್ ಹೊಡೆದುಬಿಡೋಣ" ಅನ್ನುವ ಮಾತು ಬಂದೇ ಬರುತ್ತದೆ. ಲೆಕ್ಕ ನೋಡಿ. ಮೇಲೆ ಆಸರೆಯಿಲ್ಲದೆ ನಿಂತ ಗೋಡೆಯ ಮೇಲೆ ಮಣ್ಣಿನ ಒತ್ತಡ ಆಳದ ಜೊತೆ ಏರುತ್ತದೆ. ಹಾಗಾಗಿ ಗೋಡೆಯನ್ನು ಬಗ್ಗಿಸುವ ಬಲ ಸ್ಥೂಲವಾಗಿ ಆಳದ ಘನದಂತೆ ಬೆಳೆಯುತ್ತದೆ. 4 ಮೀಟರಿಗೆ ವಿನ್ಯಾಸ ಮಾಡಿದ್ದನ್ನು ನಾಲ್ಕೂವರೆಗೆ ತೋಡಿದರೆ ಅದು ಸುಮಾರು 40 ಪರ್ಸೆಂಟ್ ಜಾಸ್ತಿ. ಅರ್ಧ ಮೀಟರಿಗೆ ಇಷ್ಟು!

ಗುಂಡಿಯ ಅಂಚಿನಲ್ಲಿ ಇಡುವ ಭಾರವೂ ಇದೇ ಲೆಕ್ಕಕ್ಕೆ ಸೇರುತ್ತದೆ. ತುಂಬಿದ ಕಾಂಕ್ರೀಟ್ ಲಾರಿ ಸುಮಾರು 25 ಟನ್ ತೂಗುತ್ತದೆ. ಕಂಬಿಯ ರಾಶಿ ಅಷ್ಟೇ ಸಲೀಸಾಗಿ ವಿನ್ಯಾಸದ ಮಿತಿ ದಾಟುತ್ತದೆ. ಅಂಚಿನಿಂದ ಎಷ್ಟು ದೂರ, ಎಷ್ಟು ತೂಕ ಅನ್ನುವುದನ್ನು ನೆಲದ ಮೇಲೆಯೇ ಬಣ್ಣದಲ್ಲಿ ಬರೆಸಿ. ಕಚೇರಿಯ ಫೈಲಿನಲ್ಲಿ ಇದ್ದರೆ ಲಾರಿ ಡ್ರೈವರಿಗೆ ಗೊತ್ತಾಗುವುದಿಲ್ಲ.

ಸಿಂಗಪುರದ ನಿಕೋಲ್ ಹೈವೇ ಪಕ್ಕದಲ್ಲಿ 2004ರ ಏಪ್ರಿಲ್ 20ರಂದು ಮೆಟ್ರೋಗಾಗಿ ತೋಡಿದ ಆಳದ ಗುಂಡಿ ಕುಸಿಯಿತು. ನಾಲ್ವರು ಸತ್ತರು, ರಸ್ತೆಯ ಒಂದು ಭಾಗವೇ ಒಳಗೆ ಹೋಯಿತು. ಗೋಡೆಯ ಮೇಲೆ ಬೀಳುವ ಬಲವನ್ನು ಕಡಿಮೆ ಅಂದಾಜು ಮಾಡಿದ್ದರು. ಸ್ಟ್ರಟ್ ಮತ್ತು ಅದು ಒರಗುವ ವೇಲರ್ (ಗೋಡೆಯುದ್ದಕ್ಕೂ ಹಾಕಿದ ತೊಲೆ) ಸೇರುವ ಗಂಟು ಕೂಡ ದುರ್ಬಲವಾಗಿತ್ತು. ಅದಕ್ಕೆ ಮೊದಲೇ ಗೋಡೆ ಅಂದಾಜು ಮೀರಿ ವಾಲುತ್ತಿತ್ತು. ಉಪಕರಣಗಳು ಅದನ್ನು ತೋರಿಸಿಯೂ ಇದ್ದವು.

ಆದ್ದರಿಂದ ಅಳತೆ ಸುಮ್ನೆ ತೆಗೆಯಬೇಡಿ. ಗೋಡೆ ಎಷ್ಟು ವಾಲಿತು, ಪಕ್ಕದ ಕಟ್ಟಡ ಎಷ್ಟು ಕೆಳಗಿಳಿಯಿತು, ನೀರಿನ ಮಟ್ಟ ಎಷ್ಟು, ಸ್ಟ್ರಟ್‌ನಲ್ಲಿ ಬಲ ಎಷ್ಟು ಅಂತ ಅಳೆದು, ಹಸಿರು-ಹಳದಿ-ಕೆಂಪು ಮಿತಿಗಳನ್ನು ಮೊದಲೇ ನಿಗದಿ ಮಾಡಿ. ಹಳದಿ ಬಂದರೆ ಯಾರಿಗೆ ಫೋನ್, ಎಷ್ಟು ಹೊತ್ತಿನೊಳಗೆ ಏನು ಮಾಡಬೇಕು? ಕೆಂಪು ಬಂದರೆ ಯಾರು ಕೆಲಸ ನಿಲ್ಲಿಸುತ್ತಾರೆ? ಈ ಉತ್ತರಗಳು ಅಗೆತ ಶುರುವಾಗುವ ಮೊದಲೇ ಬರೆದಿರಬೇಕು. ಮಿತಿ ದಾಟಿದ ದಿನ ಕೂತು ಮಿತಿಯನ್ನೇ ಮೇಲಕ್ಕೆ ಏರಿಸುವುದು ಈ ಕೆಲಸದ ಹಳೆಯ ರೋಗ. ಅಗೆಯುವ ಮೊದಲು ಪಕ್ಕದ ಕಟ್ಟಡಗಳ ಬಿರುಕುಗಳ ಫೋಟೋ ದಿನಾಂಕದ ಸಮೇತ ತೆಗೆದಿಡಿ. ಆಮೇಲೆ ಜಗಳವೂ ಕಡಿಮೆ.

ನೀರಿನದು ಬೇರೆಯೇ ಕಥೆ. ಪ್ರತಿ ಮೀಟರ್ ಆಳಕ್ಕೆ ನೀರು ಚದರ ಮೀಟರಿಗೆ 10 ಕಿಲೋನ್ಯೂಟನ್, ಅಂದರೆ ಸುಮಾರು ಒಂದು ಟನ್ ಒತ್ತಡ ಹಾಕುತ್ತದೆ. ಪಂಪ್ ಹಾಕಿ ನೀರು ಎಳೆದರೆ ಗುಂಡಿ ಒಣಗುತ್ತದೆ, ಆದರೆ ನೀರಿನ ಜೊತೆ ನುಣ್ಣನೆಯ ಮರಳು ಹೊರಬಂದರೆ ಪಕ್ಕದ ಕಟ್ಟಡ ಕುಸಿಯತೊಡಗುತ್ತದೆ. ಪಂಪಿನಿಂದ ಬರುವ ನೀರು ಕೆಸರಾಗಿದ್ದರೆ ಅದನ್ನು ಎಚ್ಚರಿಕೆ ಅಂತಲೇ ತಿಳಿಯಿರಿ.

ಪಂಪ್ ನಿಲ್ಲಿಸುವ ದಿನವನ್ನೂ ಲೆಕ್ಕ ಹಾಕಿಯೇ ಆರಿಸಬೇಕು. ನೀರಿನ ಮಟ್ಟಕ್ಕಿಂತ 4 ಮೀಟರ್ ಕೆಳಗೆ ಇರುವ ನೆಲಮಾಳಿಗೆಯನ್ನು ನೀರು ಚದರ ಮೀಟರಿಗೆ 40 ಕಿಲೋನ್ಯೂಟನ್ ಬಲದಿಂದ ಮೇಲಕ್ಕೆ ತಳ್ಳುತ್ತದೆ. 80 ಸೆಂಟಿಮೀಟರ್ ದಪ್ಪದ ತಳದ ಸ್ಲ್ಯಾಬಿನ ತೂಕ 20 ಮಾತ್ರ. ಮೇಲಿನ ಮಹಡಿಗಳ ತೂಕ ಬರುವ ಮೊದಲೇ ಪಂಪ್ ಆಫ್ ಮಾಡಿದರೆ ಇಡೀ ನೆಲಮಾಳಿಗೆ ತೇಲಬಹುದು. ಕರೆಂಟ್ ಹೋದರೆ ಓಡುವ ಇನ್ನೊಂದು ಪಂಪ್ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಹಂತ 6: ಜಾಕಿ ನಿಲ್ಲಿಸುವುದು, ಕಾಂಕ್ರೀಟ್ ಹಾಕುವುದು

20 ಸೆಂಟಿಮೀಟರ್ ದಪ್ಪದ ಸ್ಲ್ಯಾಬ್ ತೆಗೆದುಕೊಳ್ಳೋಣ. ಕಂಬಿ ಸೇರಿದ ಕಾಂಕ್ರೀಟ್ ಘನ ಮೀಟರಿಗೆ 25 ಕಿಲೋನ್ಯೂಟನ್, ಹಾಗಾಗಿ ಚದರ ಮೀಟರಿಗೆ 5. ಪ್ಲೈವುಡ್ಡು, ತೊಲೆ ಎಲ್ಲ ಸೇರಿ ಅರ್ಧ ಕಿಲೋನ್ಯೂಟನ್. ಜನ, ವೈಬ್ರೇಟರ್, ಪೈಪ್ ಅಂತ ಒಂದೂವರೆ. ಒಟ್ಟು 7. ಜಾಕಿಗಳನ್ನು 1.2 ಮೀಟರ್ ಅಂತರದಲ್ಲಿ ಚೌಕವಾಗಿ ನಿಲ್ಲಿಸಿದರೆ ಒಂದೊಂದರ ಮೇಲೆ ಸುಮಾರು 10 ಕಿಲೋನ್ಯೂಟನ್, ಅಂದರೆ ಒಂದು ಟನ್. ಜಾಕಿ ಸಾಲಲಿಲ್ಲ ಅಂತ ಅಂತರವನ್ನು 1.5ಕ್ಕೆ ಏರಿಸಿದರೆ ಅದು 16 ಹತ್ತಿರ ಹೋಗುತ್ತದೆ. ಕಣ್ಣಿಗೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಭಾರಕ್ಕೆ ಒಂದೂವರೆ ಪಟ್ಟು.

ಎತ್ತರ ಇನ್ನೂ ಕೆಟ್ಟದ್ದು. ಸಪೂರದ ಕಂಬ ಪುಡಿಯಾಗಿ ಸೋಲುವುದಿಲ್ಲ, ಬಳುಕಿ ಸೋಲುತ್ತದೆ. ಆಸರೆಯಿಲ್ಲದ ಉದ್ದ ಎರಡು ಪಟ್ಟಾದರೆ ಅದು ಹೊರುವ ಭಾರ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಮಾಮೂಲಿ ಮಹಡಿಯಲ್ಲಿ ಕೆಲಸ ಮಾಡಿ ರೂಢಿಯಾದ ತಂಡ ಅದೇ ಜಾಕಿಯನ್ನು ಪೂರ್ತಿ ಎಳೆದು ಎತ್ತರದ ಪ್ರವೇಶ ಹಾಲ್‌ನಲ್ಲಿ ನಿಲ್ಲಿಸುವುದು, ಒಂದರ ಮೇಲೊಂದು ಜಾಕಿ ಇಟ್ಟು ಎತ್ತರ ಮಾಡುವುದು, ಎರಡನ್ನೂ ನೋಡಿದ ಕೂಡಲೇ ನಿಲ್ಲಿಸಿ. ಅಲ್ಲಿ ಟವರ್ ಮಾದರಿಯ ಆಸರೆ ಬೇಕು. ಎರಡೂ ದಿಕ್ಕಿನಲ್ಲಿ ಅಡ್ಡಪಟ್ಟಿ, ಓರೆಪಟ್ಟಿ ಬೇಕು. ಅಡ್ಡಪಟ್ಟಿ ಮಾತ್ರ ಹಾಕಿ ಓರೆಪಟ್ಟಿ ಬಿಟ್ಟರೆ ಎಲ್ಲ ಜಾಕಿಗಳೂ ಒಟ್ಟಿಗೇ ಒಂದು ಕಡೆ ವಾಲುತ್ತವೆ.

ಅಡ್ಡ ಬಲವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜಾಕಿಗಳ ಸಣ್ಣಪುಟ್ಟ ಓರೆ, ಪಂಪಿನ ಪೈಪಿನ ಒದೆತ, ಗಾಳಿ ಎಲ್ಲ ಸೇರುತ್ತವೆ. ಬಿಎಸ್ 5975 ಪ್ರಕಾರ ಒಟ್ಟು ಲಂಬ ಭಾರದ ಕನಿಷ್ಠ ಎರಡೂವರೆ ಪರ್ಸೆಂಟ್‌ನಷ್ಟನ್ನಾದರೂ ಅಡ್ಡ ಬಲ ಅಂತ ಹಿಡಿಯಬೇಕು. ಜಾಕಿ ಒಂದು ಮೀಟರ್ ಎತ್ತರಕ್ಕೆ 25 ಮಿಲಿಮೀಟರ್‌ಗಿಂತ ಹೆಚ್ಚು ಓರೆ ಇರಬಾರದು. ತೂಗುಗುಂಡು ಹಿಡಿದು ನೋಡುವುದಕ್ಕೆ ಎಷ್ಟು ಹೊತ್ತು ಬೇಕು?

ಕಾಂಕ್ರೀಟ್ ಹಾಕುವ ಮೊದಲು ಜಾಕಿಗಳ ನಡುವೆ ನಡೆದುಕೊಂಡು ಹೋಗಿ. ಜಾಕಿಯ ತಲೆ ಮೇಲಿನ ತೊಲೆಯ ನಡುಮಧ್ಯೆ ಇದೆಯೇ ನೋಡಿ. ಪಿನ್ನಿನ ಜಾಗದಲ್ಲಿ ಕಂಬಿಯ ತುಂಡು ತುರುಕಿದ್ದರೆ ತೆಗೆಸಿ. ಬಗ್ಗಿದ ಜಾಕಿಯನ್ನು ಹೊರಗೆ ಕಳಿಸಿ. ಅಡಿಯಲ್ಲಿ ಮಣ್ಣಿದ್ದರೆ ದಪ್ಪ ಹಲಗೆ ಇರಲೇಬೇಕು. ಪಾಯದ ಸುತ್ತ ಮತ್ತೆ ತುಂಬಿದ ಮಣ್ಣಿನ ಮೇಲೆ ನಿಂತ ಜಾಕಿಗಳನ್ನು ಎರಡೆರಡು ಸಲ ನೋಡಿ. ಒಂದು ಮಳೆ ಬಂದರೆ ಅದು ಕುಸಿಯುತ್ತದೆ, ಆ ಜಾಕಿಯ ಪಾಲು ಪಕ್ಕದ್ದರ ಮೇಲೆ ಬೀಳುತ್ತದೆ. ಎಲ್ಲ ಸರಿ ಇದ್ದರೆ ಮಾತ್ರ ಭಾರ ಹಾಕುವ ಪರವಾನಗಿಗೆ ಸಹಿ. ಒಂದು ಹಾಳೆ ಸಾಕು. ಆದರೆ ಆ ಹಾಳೆ ಇಲ್ಲದೆ ಪಂಪ್ ಸ್ಟಾರ್ಟ್ ಆಗಬಾರದು.

ಸುರಿಯುವಾಗ ಒಂದೇ ಕಡೆ ಗುಡ್ಡೆ ಹಾಕಬಾರದು. ಅರ್ಧ ಮೀಟರ್ ಎತ್ತರದ ಗುಡ್ಡೆ ಅಂದರೆ 5ರ ಜಾಗದಲ್ಲಿ ಹನ್ನೆರಡೂವರೆ. ಗೋಡೆಯ ಅಚ್ಚಿನಲ್ಲಿ ಹಸಿ ಕಾಂಕ್ರೀಟ್ ಭಾರದ ದ್ರವದಂತೆಯೇ ಒತ್ತುತ್ತದೆ: 3 ಮೀಟರ್ ಒಂದೇ ಏಟಿಗೆ ತುಂಬಿದರೆ ಬುಡದಲ್ಲಿ ಚದರ ಮೀಟರಿಗೆ 75 ಕಿಲೋನ್ಯೂಟನ್ ವರೆಗೆ. ಚಳಿಯಲ್ಲಿ ಕಾಂಕ್ರೀಟ್ ನಿಧಾನವಾಗಿ ಗಟ್ಟಿಯಾಗುವುದರಿಂದ ತುಂಬುವ ವೇಗ ಇಳಿಸಿ. ತಾನೇ ಹರಿದು ತುಂಬುವ ಕಾಂಕ್ರೀಟ್ ಆದರೆ ಪೂರ್ತಿ ಒತ್ತಡಕ್ಕೇ ವಿನ್ಯಾಸ ಮಾಡಿಸಿ. ಕಾಂಕ್ರೀಟ್ ಬೀಳುವಾಗ ಅಡಿಯಲ್ಲಿ ಯಾರೂ ಇರಬಾರದು. ಜಾಕಿಗಳನ್ನು ಗಮನಿಸುವವರು ಪಕ್ಕದಿಂದ, ಓಡಲು ದಾರಿ ಇರುವ ಕಡೆಯಿಂದ ನೋಡಲಿ.

ಹಂತ 7: ಬಿಚ್ಚುವುದು

ಅಮೆರಿಕದ ವರ್ಜೀನಿಯಾದಲ್ಲಿ 1973ರಲ್ಲಿ ಸ್ಕೈಲೈನ್ ಪ್ಲಾಜಾ ಕಟ್ಟಡದ ಮೇಲಿನ ಮಹಡಿಗಳ ಜಾಕಿಗಳನ್ನು ಬೇಗ ತೆಗೆದರು. ಮೇಲಿಂದ ನೆಲದವರೆಗೆ ಕುಸಿದು 14 ಕೆಲಸಗಾರರು ಸತ್ತರು. ಐದು ವರ್ಷದ ನಂತರ ವೆಸ್ಟ್ ವರ್ಜೀನಿಯಾದ ವಿಲೋ ಐಲೆಂಡ್‌ನಲ್ಲಿ ಕೂಲಿಂಗ್ ಟವರ್ ಕಟ್ಟುವಾಗ ಸಾರವೆಯನ್ನು ಸಿಕ್ಕಿಸಿದ್ದ ಕಾಂಕ್ರೀಟ್ ಇನ್ನೂ ಬಲ ಪಡೆದಿರಲಿಲ್ಲ. ಸಾರವೆ ಕಳಚಿ 51 ಜನ ಸತ್ತರು. ಎರಡೂ ಕಡೆ ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಈ ಕಾಂಕ್ರೀಟಿಗೆ ಇವತ್ತು ಎಷ್ಟು ಬಲ ಬಂದಿದೆ?

ಕಾಂಕ್ರೀಟಿನ ಭಾರತೀಯ ಸಂಹಿತೆ ಐಎಸ್ 456 ಕೊಡುವ ದಿನಗಳು ಹಲವರಿಗೆ ಬಾಯಿಪಾಠ. ಆಧಾರದಿಂದ ಆಧಾರಕ್ಕೆ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಜಾಕಿ 7 ದಿನ, ಅದಕ್ಕೂ ದೊಡ್ಡದಕ್ಕೆ 14. 6 ಮೀಟರ್‌ವರೆಗಿನ ತೊಲೆಗೆ 14, ಅದಕ್ಕೂ ದೊಡ್ಡದಕ್ಕೆ 21. ಆದರೆ ಇದು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಉಷ್ಣತೆ 15 ಡಿಗ್ರಿಗಿಂತ ಕೆಳಗೆ ಇಳಿಯದಿದ್ದಾಗ. ಹಾರುಬೂದಿ ಅಥವಾ ಕಬ್ಬಿಣದ ಕಿಟ್ಟ (ಸ್ಲ್ಯಾಗ್) ಬೆರೆಸಿದ ಸಿಮೆಂಟಿಗೆ, ಚಳಿಗೆ ದಿನ ಹೆಚ್ಚಬೇಕು. ಕ್ಯಾಲೆಂಡರ್ ನೋಡುವುದಕ್ಕಿಂತ ಸ್ಲ್ಯಾಬಿನ ಪಕ್ಕದಲ್ಲೇ, ಅದೇ ಬಿಸಿಲು-ಚಳಿಯಲ್ಲಿ ಇಟ್ಟ ಪರೀಕ್ಷೆಯ ಕಾಂಕ್ರೀಟ್ ಕ್ಯೂಬ್‌ಗಳನ್ನು ಒಡೆದು ನೋಡುವುದು ಮೇಲು. ಲ್ಯಾಬಿನ ಬೆಚ್ಚಗಿನ ನೀರಿನಲ್ಲಿ ಬೆಳೆದ ಕ್ಯೂಬ್ ನಿಮ್ಮ ಸ್ಲ್ಯಾಬಿನ ಬಗ್ಗೆ ಏನೂ ಹೇಳುವುದಿಲ್ಲ.

ಮಹಡಿ ಮೇಲೆ ಮಹಡಿ ಏರುವಾಗ ಇನ್ನೊಂದು ತೊಡಕಿದೆ. ಮೇಲಿನ ಹಸಿ ಸ್ಲ್ಯಾಬಿನ 7 ಕಿಲೋನ್ಯೂಟನ್ ಎಲ್ಲಿಗೆ ಹೋಗುತ್ತದೆ? ಕೆಳಗಿನ ಸ್ಲ್ಯಾಬಿಗೆ. ಅದನ್ನು ಜನ, ಮೇಜು, ಕುರ್ಚಿ ಅಂತ ಚದರ ಮೀಟರಿಗೆ 3-4 ಕಿಲೋನ್ಯೂಟನ್‌ಗೆ ವಿನ್ಯಾಸ ಮಾಡಿರುತ್ತಾರೆ, ಮೇಲಾಗಿ ಅದೂ ಇನ್ನೂ ಎಳೆಯದು. ಹಾಗಾಗಿ ಅದರ ಕೆಳಗೂ, ಅದರ ಕೆಳಗಿನ ಮಹಡಿಯಲ್ಲೂ ಜಾಕಿ ಉಳಿಸಿ ಭಾರ ಹಂಚಬೇಕು. ಮೂರು ಸ್ಲ್ಯಾಬ್ ಇದ್ದರೆ ಮೂರು ಸಮಪಾಲು ಅಂತ ಅಂದುಕೊಳ್ಳುವವರು ಬಹಳ. ಹಾಗಾಗುವುದಿಲ್ಲ. ಜಾಕಿಗಳೂ ಸ್ವಲ್ಪ ಕುಗ್ಗುತ್ತವೆ, ಹಾಗಾಗಿ ಸುಮಾರು ಮೂರನೇ ಎರಡು ಭಾಗ ತಕ್ಷಣದ ಕೆಳಗಿನ ಸ್ಲ್ಯಾಬಿನಲ್ಲೇ ಉಳಿಯುತ್ತದೆ. ಎಷ್ಟು ಮಹಡಿ ಜಾಕಿ ಬಿಡಬೇಕು ಅನ್ನುವುದನ್ನು ಕಟ್ಟಡದ ಎಂಜಿನಿಯರ್ ಜೊತೆ ಕೂತು ಲೆಕ್ಕ ಮಾಡಿಯೇ ತೀರ್ಮಾನಿಸಿ. ಜಾಕಿಗಳು ಮಹಡಿಯಿಂದ ಮಹಡಿಗೆ ಒಂದೇ ಗೆರೆಯಲ್ಲಿ ಬರಲಿ.

ಬಿಚ್ಚುವಾಗ ಸ್ಲ್ಯಾಬಾದರೆ ನಡುವಿನಿಂದ ಶುರುಮಾಡಿ ಕಂಬ, ತೊಲೆಗಳ ಕಡೆಗೆ ಹೋಗಿ. ಹೊರಚಾಚಿದ ಭಾಗವಾದರೆ ತುದಿಯಿಂದ ಶುರುಮಾಡಿ ಒಳಕ್ಕೆ ಬನ್ನಿ. ತಿರುಗಿಸಿ ಮಾಡಿದರೆ ಕಾಂಕ್ರೀಟ್ ಕಂಬಿ ಇಲ್ಲದ ಕಡೆ ಬಗ್ಗಬೇಕಾಗುತ್ತದೆ. ಮತ್ತೆ ಜಾಕಿ ಕೊಡುವಾಗ ಕೈಯಲ್ಲಿ ಬಿಗಿಯಾಗುವಷ್ಟು ಸಾಕು, ಸುತ್ತಿಗೆಯಿಂದ ಬಡಿದು ಸ್ಲ್ಯಾಬನ್ನು ಎತ್ತಬಾರದು. ತಂತಿ ಎಳೆದು ಬಿಗಿ ಮಾಡುವ ಪೋಸ್ಟ್‌ಟೆನ್ಷನ್ ಸ್ಲ್ಯಾಬ್ ಆದರೆ, ಬಿಗಿ ಮಾಡಿದ ಕೂಡಲೇ ನಡುಭಾಗ ಮೇಲೆದ್ದು ಭಾರ ತೊಲೆಗಳ ಕೆಳಗಿನ ಜಾಕಿಗಳಿಗೆ ಸರಿಯುತ್ತದೆ. ಆ ಜಾಕಿಗಳಿಗೆ ಬೇರೆಯೇ ಲೆಕ್ಕ ಬೇಕು.

ಹಂತ 8: ಸಾರವೆ, ಕ್ರೇನ್, ಬೇಲಿ

ಈ ಮೂರಕ್ಕೂ ಸಮಾನ ಶತ್ರು ಗಾಳಿ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು: ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಚದರ ಮೀಟರಿಗೆ ಸುಮಾರು 240 ನ್ಯೂಟನ್, 40ರಲ್ಲಿ 960. ಬರಿಯ ಸಾರವೆಯ ಮೂಲಕ ಗಾಳಿ ಹಾದು ಹೋಗುತ್ತದೆ. ಧೂಳು ಬೀಳಬಾರದು ಅಂತ ಆಮೇಲೆ ಯಾರೋ ಹಸಿರು ಬಲೆಯನ್ನೋ ಟಾರ್ಪಾಲನ್ನೋ ಕಟ್ಟಿದರೆ ಅದು ಹಡಗಿನ ಹಾಯಿ ಆಗುತ್ತದೆ. ಬಲೆ, ಬ್ಯಾನರ್ ಕಟ್ಟುವುದಿದ್ದರೆ ಮೊದಲೇ ಹೇಳಿ, ಗೋಡೆಗೆ ಕಟ್ಟುವ ಟೈಗಳನ್ನು ಹೆಚ್ಚಿಸಿ. ಕಿಟಕಿ ಕೂರಿಸುವವರು, ಬಣ್ಣ ಬಳಿಯುವವರು ಅಡ್ಡ ಬಂತು ಅಂತ ಟೈ ಬಿಚ್ಚುತ್ತಾರೆ. ವಾರಕ್ಕೊಮ್ಮೆ, ಜೋರು ಮಳೆ-ಗಾಳಿ ಬಂದಾಗಲೆಲ್ಲ ಪರೀಕ್ಷೆ ಮಾಡಿಸಿ ಚೀಟಿ ತೂಗುಹಾಕಿಸಿ.

ಟವರ್ ಕ್ರೇನ್ ಕೆಲಸ ಮಾಡದೆ ನಿಂತಾಗ ಅದರ ಕೈ ಗಾಳಿಗೆ ತಕ್ಕಂತೆ ತಿರುಗಲು ಬಿಟ್ಟಿರಬೇಕು. ಆ ಸುತ್ತಿನೊಳಗೆ ಏನೂ ತಗಲಬಾರದು. ಲಾರಿಯ ಮೇಲೆ ಬರುವ ಕ್ರೇನಿನ ಕಾಲು ಎಲ್ಲಿ ಊರುತ್ತದೆ ಅನ್ನುವುದನ್ನೂ ನೋಡಿ. ಹಳೆಯ ಚರಂಡಿ, ನೆಲದಡಿಯ ಟ್ಯಾಂಕ್ ಮೇಲೆ ಊರಿದರೆ ಮುಗಿಯಿತು. ರಸ್ತೆ ಬದಿಯ ಬೇಲಿ ಸಣ್ಣ ವಿಷಯ ಅನಿಸುತ್ತದೆ. ಅದರ ಆಚೆ ನಡೆಯುವವರಿಗೆ ಹೆಲ್ಮೆಟ್ ಇರುವುದಿಲ್ಲ, ಅದಕ್ಕೂ ಲೆಕ್ಕ ಬೇಕು.

ಹಂತ 9: ಬಿಚ್ಚಿ ಹೋಗದೆ ಉಳಿದದ್ದನ್ನು ಬರೆದಿಡಿ

ಎಲ್ಲವೂ ಬಿಚ್ಚಿ ಹೋಗುವುದಿಲ್ಲ. ಎಳೆದು ತೆಗೆಯಲಾಗದ ಶೀಟ್ ಪೈಲ್, ರಸ್ತೆಯ ಅಡಿಗೆ ಹೋದ ಆ್ಯಂಕರ್, ಕ್ರೇನಿನ ಪಾಯ ಇವು ನೆಲದಲ್ಲೇ ಉಳಿಯುತ್ತವೆ. ಆ್ಯಂಕರುಗಳ ಬಿಗಿ ಸಡಿಲಿಸಿದ್ದಾರೆಯೇ, ಯಾವುದು ಯಾವ ಆಳದಲ್ಲಿ, ಗಡಿಯಿಂದ ಎಷ್ಟು ದೂರ ಇದೆ ಅಂತ ಅಳತೆ ಸಮೇತ ಅಂತಿಮ ನಕ್ಷೆಯಲ್ಲಿ ಹಾಕಿಸಿ. ಅದರ ಒಂದು ಪ್ರತಿ ಕಟ್ಟಡದ ಒಡೆತನದ ಇಲಾಖೆಗೆ, ಇನ್ನೊಂದು ರಸ್ತೆ ಮತ್ತು ಒಳಚರಂಡಿ ನೋಡಿಕೊಳ್ಳುವವರಿಗೆ ಹೋಗಲಿ. ಮುಂದೆ ಪಕ್ಕದಲ್ಲಿ ಪೈಲ್ ಕೊರೆಯುವವರು ಮೊದಲು ಹುಡುಕುವುದು ಆ ನಕ್ಷೆಯನ್ನೇ.